ಭಾರ ಎತ್ತಬೇಕಾ, ಹಗುರ ಎತ್ತಬೇಕಾ? ಮೈ ಬೆಳೆಸುವವರಿಗೆ ಒಂದು ಮಾರ್ಗದರ್ಶಿ

ಜಿಮ್‌ಗೆ ಹೊಸದಾಗಿ ಸೇರಿದವರ ಕಿವಿಗೆ ಮೊದಲ ತಿಂಗಳಲ್ಲೇ ಎರಡು ಮಾತು ಬೀಳುತ್ತವೆ. "ಮೈ ಬರಬೇಕಾದ್ರೆ ಭಾರ ಎತ್ತು" ಅಂತ ಒಬ್ಬರು. "ಹಗುರ ಹಾಕ್ಕೊಂಡು ರೆಪ್ ಜಾಸ್ತಿ ಮಾಡು, ಆಗ ಕಟ್ಸ್ ಬರುತ್ತೆ" ಅಂತ ಇನ್ನೊಬ್ಬರು. (ತೂಕವನ್ನು ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್. ಕಟ್ಸ್ ಅಂದರೆ ಸ್ನಾಯುಗಳು ಬಿಡಿಬಿಡಿಯಾಗಿ ಎದ್ದು ಕಾಣುವುದು.) ಇಬ್ಬರ ಮೈಯೂ ಚೆನ್ನಾಗೇ ಇರುತ್ತದೆ. ಯಾರ ಮಾತು ಕೇಳೋದು?

ನಾನು ನಾಲ್ಕು ವರ್ಷ ಮೊದಲನೆಯವರ ಮಾತನ್ನೇ ನಂಬಿಕೊಂಡಿದ್ದೆ. ಮಲಗಿಕೊಂಡು ಬಾರ್ ಅನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಆರು ರೆಪ್ ದಾಟಿದರೆ ಅದು ವ್ಯಾಯಾಮವೇ ಅಲ್ಲ ಅಂದುಕೊಂಡಿದ್ದೆ. ಒಂದು ದಿನ ಬಲ ಭುಜದ ಮುಂಭಾಗದಲ್ಲಿ ನೋವು ಶುರುವಾಯಿತು. ಕೈ ಮೇಲೆತ್ತಿ ಅಂಗಿ ಹಾಕಿಕೊಳ್ಳುವುದೂ ಕಷ್ಟವಾಯಿತು. ಆಮೇಲೆ ಎಂಟು ತಿಂಗಳು ಬೇರೆ ದಾರಿ ಇರಲಿಲ್ಲ. ನೋವು ಬಾರದ ಹಗುರ ಡಂಬೆಲ್ ಹಿಡಿದು, ಇಪ್ಪತ್ತು ಇಪ್ಪತ್ತೈದು ರೆಪ್ ಮಾಡಿದೆ. ಎದೆ ಕರಗಿ ಹೋಗುತ್ತದೆ ಅನ್ನೋ ಭಯ ಇತ್ತು. ಕರಗಲಿಲ್ಲ. ಟೇಪ್ ಹಿಡಿದು ಅಳೆದರೆ ಸ್ವಲ್ಪ ಜಾಸ್ತಿಯೇ ಆಗಿತ್ತು! ಅಲ್ಲಿಂದ ಈ ವಿಷಯವನ್ನು ಕೂತು ಓದಿ, ಮಾಡಿ ನೋಡಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಸ್ನಾಯು ಏನು ಕೇಳುತ್ತದೆ ಅಂತ ತಿಳಿಯಿರಿ

ಕೆಟ್ಟು ನಿಂತ ಗಾಡಿಯನ್ನು ತಳ್ಳಬೇಕು ಅಂದುಕೊಳ್ಳಿ. ಗಾಡಿ ಚಿಕ್ಕದಾದರೆ ಮೊದಲು ಇಬ್ಬರು ಕೈ ಹಾಕುತ್ತಾರೆ. ಅವರು ಸುಸ್ತಾದಾಗ ಪಕ್ಕದಲ್ಲಿದ್ದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಲಾರಿಯಾದರೆ ಮೊದಲ ಕ್ಷಣದಿಂದಲೇ ಎಲ್ಲರೂ ಬೇಕು.

ಸ್ನಾಯುವಿನ ಒಳಗೂ ಹೀಗೇ ನಡೆಯುತ್ತದೆ. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ 1950 ಮತ್ತು 60ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ದೇಹ ಮೊದಲು ಚಿಕ್ಕ, ಬೇಗ ದಣಿಯದ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ದೊಡ್ಡ, ಬಲವಾದ ಎಳೆಗಳನ್ನು ಕೊನೆಗೆ ಕರೆಯುತ್ತದೆ. ಚೆನ್ನಾಗಿ ದಪ್ಪ ಆಗುವ ಶಕ್ತಿ ಈ ದೊಡ್ಡ ಎಳೆಗಳಿಗೇ ಜಾಸ್ತಿ.

ಭಾರ ಎತ್ತಿದಾಗ ಅವು ಮೊದಲ ರೆಪ್‌ನಿಂದಲೇ ಕೆಲಸಕ್ಕೆ ಇಳಿಯುತ್ತವೆ. ಹಗುರ ಎತ್ತಿದಾಗ ಕೊನೆಯ ಕೆಲವು ರೆಪ್‌ಗಳಲ್ಲಿ, ಉಳಿದವು ಸೋತ ಮೇಲೆ ಬರುತ್ತವೆ. ಅಂದರೆ ಹಗುರ ತೂಕದಲ್ಲಿ ಇಪ್ಪತ್ತೈದು ರೆಪ್ ಆಗುವ ಶಕ್ತಿ ಇದ್ದು, ಹದಿನೈದಕ್ಕೇ ಕೆಳಗಿಟ್ಟರೆ ಆ ಎಳೆಗಳಿಗೆ ಕರೆಯೇ ಹೋಗಿರುವುದಿಲ್ಲ. ಹಗುರ ತೂಕದಿಂದ ಏನೂ ಬರಲಿಲ್ಲ ಅನ್ನುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ.

2016ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. ಮೊದಲೇ ಜಿಮ್ ಅಭ್ಯಾಸ ಇದ್ದ 49 ಗಂಡಸರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು 8ರಿಂದ 12 ರೆಪ್ ಬರುವ ತೂಕ, ಇನ್ನೊಂದು ಗುಂಪು 20ರಿಂದ 25 ರೆಪ್ ಬರುವ ತೂಕ. ಇಬ್ಬರೂ ಇನ್ನಾಗಲ್ಲ ಅನ್ನುವವರೆಗೆ ಎತ್ತಬೇಕು. 12 ವಾರ ಕಳೆದು ನೋಡಿದರೆ ಸ್ನಾಯು ಬೆಳೆದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಹಾಗಂತ ತೀರಾ ಹಗುರಕ್ಕೆ ಇಳಿಯಬೇಡಿ. 2018ರ ಇನ್ನೊಂದು ಪ್ರಯೋಗದಲ್ಲಿ, ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ ಶೇ. 20, 40, 60, 80ರಷ್ಟು ಹಾಕಿ ಹೋಲಿಸಿ ನೋಡಿದರು. ಶೇ. 40ರಿಂದ 80ರವರೆಗೆ ಬೆಳವಣಿಗೆ ಹತ್ತಿರ ಹತ್ತಿರ ಇತ್ತು. ಶೇ. 20 ಮಾತ್ರ ಹಿಂದೆ ಬಿತ್ತು. ನಾನಂತೂ 30 ರೆಪ್‌ಗಿಂತ ಜಾಸ್ತಿ ಬರುವ ತೂಕವನ್ನು ಮುಟ್ಟುವುದಿಲ್ಲ.

ನಿಮಗೆ ಬೇಕಿರುವುದು ಗಾತ್ರವೋ, ಬಲವೋ?

ಇವೆರಡೂ ನೆಂಟರು, ಆದರೆ ಒಂದೇ ಅಲ್ಲ. 1992ರಲ್ಲಿ ಜರ್ಮನಿಯಲ್ಲಿ ಟಾಮ್ ಪ್ಲಾಟ್ಜ್ ಮತ್ತು ಫ್ರೆಡ್ ಹ್ಯಾಟ್‌ಫೀಲ್ಡ್ ಇಬ್ಬರ ನಡುವೆ ಸ್ಕ್ವಾಟ್ ಪಂದ್ಯ ನಡೆಯಿತು, ಅಂದರೆ ಹೆಗಲ ಮೇಲೆ ತೂಕ ಹೊತ್ತು ಕೂತು ಏಳುವುದು. ಪ್ಲಾಟ್ಜ್ ಬಾಡಿಬಿಲ್ಡರ್, ತೊಡೆಗೆ ಹೆಸರಾದವರು. ಹ್ಯಾಟ್‌ಫೀಲ್ಡ್ ಪವರ್‌ಲಿಫ್ಟರ್, ಅಂದರೆ ಒಂದೇ ರೆಪ್‌ನಲ್ಲಿ ಆದಷ್ಟು ದೊಡ್ಡ ತೂಕ ಎತ್ತುವವರು. ಒಂದೇ ರೆಪ್‌ನ ಲೆಕ್ಕದಲ್ಲಿ ಹ್ಯಾಟ್‌ಫೀಲ್ಡ್ 855 ಪೌಂಡ್ ಎತ್ತಿ ಗೆದ್ದರು. ಅದು ಸುಮಾರು 388 ಕೆಜಿ. ಆಮೇಲೆ 525 ಪೌಂಡ್, ಅಂದರೆ ಸುಮಾರು 238 ಕೆಜಿ ಇಟ್ಟು ರೆಪ್ ಎಣಿಸಿದಾಗ ಪ್ಲಾಟ್ಜ್ 23 ಸಲ ಕೂತು ಎದ್ದು ಗೆದ್ದರು. ಇಬ್ಬರೂ ಅಸಾಮಾನ್ಯರು. ಯಾವುದನ್ನು ಅಭ್ಯಾಸ ಮಾಡಿದ್ದರೋ ಅದರಲ್ಲಿ ಗೆದ್ದರು.

ನಿಮ್ಮ ಆಸೆ ಒಂದು ರೆಪ್‌ನಲ್ಲಿ ದೊಡ್ಡ ತೂಕ ಎತ್ತುವುದಾದರೆ ಭಾರ ಎತ್ತದೆ ಬೇರೆ ದಾರಿಯಿಲ್ಲ. ಕನ್ನಡಿಯಲ್ಲಿ ಕಾಣುವ ಮೈ ಬೇಕಾದರೆ ಕೈಯಲ್ಲಿ ಎರಡೂ ಸಾಧನ ಇವೆ. ಈ ಲೇಖನ ಎರಡನೆಯವರಿಗೆ.

ಮೊದಲ ಎರಡು ತಿಂಗಳು: ಫಾರ್ಮ್ ಕಲಿಯಿರಿ

ಹೊಸಬರಾದರೆ ಭಾರ-ಹಗುರದ ಚರ್ಚೆ ಸದ್ಯಕ್ಕೆ ನಿಮಗಲ್ಲ. 10ರಿಂದ 12 ರೆಪ್ ಆರಾಮಾಗಿ ಬರುವ, ಇನ್ನೂ ಮೂರು ನಾಲ್ಕು ರೆಪ್ ಬಾಕಿ ಇರುವ ತೂಕ ಸಾಕು. ಸ್ಕ್ವಾಟ್, ಪ್ರೆಸ್ (ತಳ್ಳುವುದು), ರೋ (ಮೈ ಕಡೆಗೆ ಎಳೆಯುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನಿಲ್ಲುವುದು), ಇವುಗಳ ಸರಿಯಾದ ಚಲನೆ, ಅಂದರೆ ಫಾರ್ಮ್, ಮೈಗೆ ಒಗ್ಗಲಿ. ಫೋನಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿ ನೋಡಿಕೊಳ್ಳಿ. ಇನ್ನೊಂದು ವಿಷಯ. ಸ್ನಾಯು ಬೇಗ ಬಲ ಪಡೆಯುತ್ತದೆ, ಅದನ್ನು ಎಲುಬಿಗೆ ಕಟ್ಟಿಹಾಕುವ ಟೆಂಡನ್‌ಗಳು ನಿಧಾನ. ಸ್ನಾಯು "ಇನ್ನೂ ಹಾಕು" ಅನ್ನುವಾಗ ಮೊಣಕೈ, ಮಂಡಿ ಇನ್ನೂ ತಯಾರಾಗಿರುವುದಿಲ್ಲ.

ನಿಮ್ಮ ಗರಿಷ್ಠ ತೂಕದ ಅಂದಾಜು ಮಾಡಿ

ಭಾರ, ಹಗುರ ಅನ್ನುವುದು ನಿಮ್ಮ ಶಕ್ತಿಗೆ ಹೋಲಿಸಿದ ಮಾತು. 40 ಕೆಜಿ ಒಬ್ಬರಿಗೆ ವಾರ್ಮ್ ಅಪ್, ಇನ್ನೊಬ್ಬರಿಗೆ ಜೀವಮಾನದ ದಾಖಲೆ. ಹಾಗಾಗಿ ಮುಖ್ಯ ವ್ಯಾಯಾಮಗಳಿಗೆ ಒಂದು ಅಂದಾಜು ಬೇಕು. ಒಂದೇ ರೆಪ್ ಎತ್ತಿ ಪರೀಕ್ಷೆ ಮಾಡಬೇಡಿ, ಅದರಿಂದ ಪೆಟ್ಟಾಗುವ ಅಪಾಯ ಸುಮ್ನೆ. ಲೆಕ್ಕ ಸುಲಭ ಇದೆ.

ಒಳ್ಳೆಯ ಫಾರ್ಮ್‌ನಲ್ಲಿ ಎಷ್ಟು ರೆಪ್ ಬಂತು ಅನ್ನುವುದನ್ನು 30ರಿಂದ ಭಾಗಿಸಿ. ಅದಕ್ಕೆ 1 ಸೇರಿಸಿ. ಬಂದದ್ದನ್ನು ತೂಕದಿಂದ ಗುಣಿಸಿ. 60 ಕೆಜಿಯಲ್ಲಿ ಕಷ್ಟಪಟ್ಟು 10 ರೆಪ್ ಬಂದರೆ, ಗರಿಷ್ಠ ಸುಮಾರು 80 ಕೆಜಿ. ಇದನ್ನು ಎಪ್ಲಿ ಸೂತ್ರ ಅನ್ನುತ್ತಾರೆ. ಹತ್ತು ರೆಪ್ ಒಳಗಿದ್ದರೆ ಲೆಕ್ಕ ಸುಮಾರಾಗಿ ಸರಿ ಬರುತ್ತದೆ, ಮೇಲೆ ಹೋದಷ್ಟೂ ತಪ್ಪುತ್ತದೆ.

ಇದೇ 80 ಕೆಜಿಯವರಿಗೆ 65ರಿಂದ 70 ಕೆಜಿ ಭಾರದ ಕೆಲಸ, 5ರಿಂದ 8 ರೆಪ್. 55ರಿಂದ 60 ಕೆಜಿ ನಡುವಿನದು, 10ರ ಆಸುಪಾಸು. 35ರಿಂದ 45 ಕೆಜಿ ಹಗುರ, 20 ರೆಪ್ ಮತ್ತು ಅದಕ್ಕಿಂತ ಜಾಸ್ತಿ. ಒಬ್ಬೊಬ್ಬರಿಗೆ ಎರಡು ಮೂರು ರೆಪ್ ಆಚೀಚೆ ಆಗುವುದು ಸಹಜ. ಒಂದೇ ತೂಕದ ಪಾಲಿನಲ್ಲಿ ತೋಳಿಗಿಂತ ಕಾಲಿಗೆ ರೆಪ್ ಜಾಸ್ತಿ ಬರುತ್ತದೆ.

"10 ರೆಪ್, 3 ಸೆಟ್" ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? (ನಡುವೆ ನಿಲ್ಲಿಸದೆ ಮಾಡುವ ರೆಪ್‌ಗಳ ಒಂದು ಸುತ್ತು ಅಂದರೆ ಒಂದು ಸೆಟ್.) ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಕಾಲಿನ ಬಲ ಮರಳಿಸಲು ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು ತೂಕ ಎತ್ತಿಸುತ್ತಿದ್ದರು. ಹತ್ತು ರೆಪ್ ಬರುವ ತೂಕವೇ ಅವರ ಅಳತೆಗೋಲು. 1948ರ ಹೊತ್ತಿಗೆ ಸೆಟ್‌ಗಳ ಲೆಕ್ಕ ಮೂರಕ್ಕೆ ಇಳಿಯಿತು. ಆಸ್ಪತ್ರೆಯ ಆ ಪದ್ಧತಿಯ ಗುರುತು ಇವತ್ತಿಗೂ ಜಿಮ್‌ಗಳಲ್ಲಿ ಉಳಿದಿದೆ. ಒಳ್ಳೆಯ ಪದ್ಧತಿಯೇ, ಆದರೆ ಅದೊಂದೇ ದಾರಿ ಅಲ್ಲ.

ಯಾವ ವ್ಯಾಯಾಮಕ್ಕೆ ಯಾವ ತೂಕ?

ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲಿದೆ. "ನಾನು ಭಾರ ಎತ್ತುವವನು", "ನಾನು ಹಗುರ ಎತ್ತುವವನು" ಅಂತ ಪಕ್ಷ ಕಟ್ಟಿಕೊಳ್ಳುವ ಬದಲು, ಒಂದೊಂದು ವ್ಯಾಯಾಮವನ್ನೂ ಕೇಳಿ: ಇಲ್ಲಿ ಮೊದಲು ಸೋಲುವುದು ಯಾವುದು? ನಾವು ಬೆಳೆಸಬೇಕೆಂದಿರುವ ಸ್ನಾಯುವೇ ಮೊದಲು ಸೋಲಬೇಕು.

ಡೆಡ್‌ಲಿಫ್ಟ್‌ನಲ್ಲಿ 25 ರೆಪ್ ಮಾಡಿ ನೋಡಿ. ಹದಿನೈದಕ್ಕೆ ಉಸಿರು ಕಟ್ಟುತ್ತದೆ. ಹದಿನೆಂಟಕ್ಕೆ ಸೊಂಟ ಬಾಗಲು ಶುರು. ತೊಡೆಯ ಹಿಂಭಾಗಕ್ಕೆ ಇನ್ನೂ ಕೆಲಸವೇ ಸಿಕ್ಕಿರುವುದಿಲ್ಲ. ಸ್ಕ್ವಾಟ್, ಬಾರ್ಬೆಲ್ ರೋ ಕೂಡ ಹೀಗೇ. ಪ್ಲಾಟ್ಜ್ ತರದವರು 23 ರೆಪ್ ಸ್ಕ್ವಾಟ್ ಮಾಡಿದರು ಅಂದರೆ ಅದರ ಹಿಂದೆ ಎಷ್ಟೋ ವರ್ಷದ ಅಭ್ಯಾಸ ಇದೆ. ಹಲವು ಕೀಲುಗಳು ಒಟ್ಟಿಗೆ ಕೆಲಸ ಮಾಡುವ ಇಂಥ ವ್ಯಾಯಾಮಗಳಿಗೆ 5ರಿಂದ 10 ರೆಪ್‌ನ ಭಾರವೇ ಸರಿ.

ಈಗ ಲ್ಯಾಟರಲ್ ರೈಸ್ ನೋಡಿ, ಅಂದರೆ ಡಂಬೆಲ್ ಹಿಡಿದ ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು. ಆರು ರೆಪ್ ಮಾತ್ರ ಬರುವ ಡಂಬೆಲ್ ಹಿಡಿದರೆ ಏನಾಗುತ್ತದೆ? ಮೈ ಹಿಂದಕ್ಕೆ ಮುಂದಕ್ಕೆ ತೂಗುತ್ತದೆ. ಕುತ್ತಿಗೆ ಹತ್ತಿರದ ಸ್ನಾಯು ಎಳೆದುಕೊಳ್ಳುತ್ತದೆ. ಭುಜದ ಪಕ್ಕಕ್ಕೆ ಪಾಲು ಬರುವುದೇ ಇಲ್ಲ. ಅದೇ 15ರಿಂದ 20 ರೆಪ್ ಬರುವ ತೂಕ ಹಿಡಿದು ನಿಧಾನವಾಗಿ ಎತ್ತಿ ಇಳಿಸಿದರೆ, ಹನ್ನೆರಡನೇ ರೆಪ್‌ಗೇ ಭುಜ ಬೆಂಕಿಯಾಗುತ್ತದೆ. ಫೇಸ್ ಪುಲ್, ಕೇಬಲ್ ಫ್ಲೈ, ಲೆಗ್ ಎಕ್ಸ್‌ಟೆನ್ಷನ್, ಡಂಬೆಲ್ ಕಿಕ್‌ಬ್ಯಾಕ್, ಇವೆಲ್ಲ ಹಗುರದ ಸಾಲಿಗೆ.

ನಡುವೆ ಉಳಿದವು ಡಂಬೆಲ್ ಪ್ರೆಸ್, ಲ್ಯಾಟ್ ಪುಲ್‌ಡೌನ್, ಲೆಗ್ ಪ್ರೆಸ್, ಲೆಗ್ ಕರ್ಲ್, ಬೈಸೆಪ್ಸ್ ಕರ್ಲ್. ಇವಕ್ಕೆ 8ರಿಂದ 15. ಮೀನಖಂಡದ ಕಾಫ್ ರೈಸ್‌ಗೆ ಎರಡೂ ಹೊಂದುತ್ತವೆ, ಕೆಳಗೆ ಪೂರ್ತಿ ಇಳಿದು ಒಂದು ಕ್ಷಣ ನಿಂತರೆ ಸಾಕು.

ನಡುವಿನ ರೆಪ್‌ಗಳು ಇಷ್ಟು ಹೆಸರು ಗಳಿಸಿದ್ದಕ್ಕೂ ಕಾರಣ ಇದೆ, ಅದು ಸಮಯ. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಎಂಬ ಸಂಶೋಧಕ ಮತ್ತು ಜೊತೆಗಾರರು 3 ರೆಪ್‌ನ 7 ಸೆಟ್ ಮಾಡುವವರನ್ನು 10 ರೆಪ್‌ನ 3 ಸೆಟ್ ಮಾಡುವವರ ಜೊತೆ ಹೋಲಿಸಿದರು. 8 ವಾರದಲ್ಲಿ ತೋಳಿನ ದಪ್ಪ ಎರಡೂ ಕಡೆ ಸಮ. ಬಲ ಭಾರದವರಿಗೆ ಜಾಸ್ತಿ. ಆದರೆ ಭಾರದವರಿಗೆ ದಿನಕ್ಕೆ ಸುಮಾರು 70 ನಿಮಿಷ ಬೇಕಾಯಿತು, ಇನ್ನೊಂದು ಗುಂಪು 17 ನಿಮಿಷದಲ್ಲಿ ಮುಗಿಸಿತು. ದಣಿವು, ಕೀಲು ನೋವಿನ ದೂರು ಕೂಡ ಭಾರದ ಕಡೆಯಿಂದಲೇ ಬಂದವು. ಬರೀ ಭಾರ ಎತ್ತಿಯೇ ಗಾತ್ರ ತರುತ್ತೇನೆ ಅನ್ನುವವರು ಈ ಬೆಲೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಎಲ್ಲಿಗೆ ನಿಲ್ಲಿಸಬೇಕು?

ಪ್ರತಿ ಸೆಟ್ ಮುಗಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದೇ ಫಾರ್ಮ್‌ನಲ್ಲಿ ಇನ್ನೆಷ್ಟು ರೆಪ್ ಬರುತ್ತಿತ್ತು?

ಭಾರದ ಸ್ಕ್ವಾಟ್, ಬೆಂಚ್‌ನಲ್ಲಿ ಉತ್ತರ ಎರಡು ಅಥವಾ ಮೂರು ಇರಲಿ. ಬಾರ್ ಎದೆ ಮೇಲೆ ಸಿಕ್ಕಿಹಾಕಿಕೊಳ್ಳುವವರೆಗೆ ಹೋಗುವ ಅಗತ್ಯ ಇಲ್ಲ. ಹೋಗುವುದಾದರೆ ಸ್ಪಾಟರ್, ಅಂದರೆ ಬಾರ್ ಹಿಡಿಯಲು ಪಕ್ಕದಲ್ಲಿ ನಿಲ್ಲುವವರು, ಇರಲೇಬೇಕು. ಹಗುರದ ಸೆಟ್‌ನಲ್ಲಿ ಉತ್ತರ ಸೊನ್ನೆ ಅಥವಾ ಒಂದು. ಇಲ್ಲಿ ಕರುಣೆ ತೋರಿಸಬೇಡಿ.

ಕಷ್ಟ ಏನೆಂದರೆ, ರೆಪ್ ಜಾಸ್ತಿ ಆದಷ್ಟೂ ನಮ್ಮ ಅಂದಾಜು ಕೈಕೊಡುತ್ತದೆ. ಹದಿನಾಲ್ಕನೇ ರೆಪ್‌ಗೆ ಉರಿ ಹತ್ತಿದ ಕೂಡಲೇ "ಮುಗೀತು" ಅನ್ನಿಸುತ್ತದೆ. ನಿಜವಾಗಿ ಇನ್ನೂ ಏಳೆಂಟು ಬಾಕಿ ಇರುತ್ತವೆ. ಇದಕ್ಕೆ ಒಂದು ಅಭ್ಯಾಸ ಮಾಡಿ. ಎರಡು ವಾರಕ್ಕೊಮ್ಮೆ, ಲೆಗ್ ಎಕ್ಸ್‌ಟೆನ್ಷನ್ ತರದ ಅಪಾಯ ಕಡಿಮೆ ಇರುವ ಮೆಷಿನ್‌ನಲ್ಲಿ ಕೂತು, "ಇನ್ನು ಎರಡೇ" ಅನ್ನಿಸಿದಾಗ ಎಣಿಸುತ್ತಾ ಮುಂದುವರಿಸಿ. ಕಾಲು ಮೇಲೇಳದೆ ನಿಲ್ಲುವವರೆಗೆ ಹೋಗಿ. ನಾನು ಮೊದಲ ಸಲ ಮಾಡಿದಾಗ ಎರಡು ಅಂದುಕೊಂಡದ್ದು ಒಂಬತ್ತು ಬಂತು. ರೆಪ್ ನಿಧಾನವಾಗುವುದೇ ನಂಬಬಹುದಾದ ಗುರುತು. ನೀವು ಜೋರಾಗಿ ತಳ್ಳುತ್ತಿದ್ದರೂ ತೂಕ ತಾನಾಗಿ ನಿಧಾನವಾದರೆ ಕೊನೆ ಹತ್ತಿರ ಬಂದಿದೆ ಅಂತ ಅರ್ಥ.

ಒಂದು ದಿನದ ಜೋಡಣೆ

ಭಾರ ಮೊದಲು, ಹಗುರ ಕೊನೆಗೆ. ಹಗುರದ ಸೆಟ್‌ಗಳ ಸುಸ್ತು ಹೊತ್ತುಕೊಂಡು ಭಾರದ ಬಾರ್ ಕೆಳಗೆ ಮಲಗಬೇಡಿ.

ಎದೆ ಮತ್ತು ಭುಜದ ದಿನ ಅಂದುಕೊಳ್ಳಿ. ಬೆಂಚ್‌ನಲ್ಲಿ ಕೆಲಸದ ತೂಕ (ಗರಿಷ್ಠ ತೂಕ ಅಲ್ಲ, ಸೆಟ್‌ಗಳಿಗೆ ಹಾಕುವ ತೂಕ) 80 ಕೆಜಿ ಆದರೆ ಬರೀ 20 ಕೆಜಿ ಬಾರ್‌ನಲ್ಲಿ 10, 40 ಕೆಜಿಗೆ 6, 60ಕ್ಕೆ 3, 70ಕ್ಕೆ 1. ಇಷ್ಟು ವಾರ್ಮ್ ಅಪ್ ಆದ ಮೇಲೆ 80ರಲ್ಲಿ 5ರಿಂದ 7 ರೆಪ್‌ನ 3 ಸೆಟ್, ನಡುವೆ ಪೂರ್ತಿ 3 ನಿಮಿಷ ವಿರಾಮ. ಆಮೇಲೆ ಇನ್‌ಕ್ಲೈನ್ ಡಂಬೆಲ್ ಪ್ರೆಸ್, 8ರಿಂದ 12 ರೆಪ್‌ನ 3 ಸೆಟ್, 2 ನಿಮಿಷ ವಿರಾಮ. ಕೇಬಲ್ ಫ್ಲೈ 15ರಿಂದ 20, 2 ಸೆಟ್. ಲ್ಯಾಟರಲ್ ರೈಸ್ 15ರಿಂದ 20, 3 ಸೆಟ್. ಟ್ರೈಸೆಪ್ಸ್ ಪುಷ್‌ಡೌನ್ 12ರಿಂದ 15, 2 ಸೆಟ್. ಕಾಲಿನ ದಿನವೂ ಇದೇ ಕ್ರಮ. ಸ್ಕ್ವಾಟ್ 6ರಿಂದ 8, ರೊಮೇನಿಯನ್ ಡೆಡ್‌ಲಿಫ್ಟ್ 8ರಿಂದ 10, ನಂತರ ಲೆಗ್ ಕರ್ಲ್ ನಡುವಿನ ತೂಕದಲ್ಲಿ, ಲೆಗ್ ಎಕ್ಸ್‌ಟೆನ್ಷನ್, ಕಾಫ್ ರೈಸ್ ಹಗುರದಲ್ಲಿ.

ವಾರಕ್ಕೆ ಒಂದೊಂದು ಸ್ನಾಯುವಿಗೆ ಒಟ್ಟು 10ರಿಂದ 15 ಗಟ್ಟಿ ಸೆಟ್ ಬಹಳ ಮಂದಿಗೆ ಸಾಕು. ಅದನ್ನು ಎರಡು ದಿನಕ್ಕೆ ಹಂಚಿ. ವಿರಾಮ ಕಡಿಮೆ ಮಾಡಿ ಏದುಸಿರು ಬಿಟ್ಟರೆ ಬೆವರು ಜಾಸ್ತಿ ಬರುತ್ತದೆ ಅಷ್ಟೇ. ಮುಂದಿನ ಸೆಟ್‌ನ ರೆಪ್ ಕಡಿಮೆಯಾಗುತ್ತವೆ.

ಮನೆಯಲ್ಲಿ ಒಂದೇ ಜೋಡಿ ಹಗುರ ಡಂಬೆಲ್ ಇದ್ದರೆ? ಕೈಚೆಲ್ಲಬೇಡಿ. ಇಳಿಸುವಾಗ ಮೂರು ಸೆಕೆಂಡ್ ತೆಗೆದುಕೊಳ್ಳಿ, ಕೆಳಗೆ ಒಂದು ಕ್ಷಣ ನಿಲ್ಲಿ, ಎರಡು ಕಾಲಿನ ಬದಲು ಒಂದು ಕಾಲಿನಲ್ಲಿ ಮಾಡಿ. ಅದೇ ಡಂಬೆಲ್ ಭಾರವಾಗುತ್ತದೆ.

ತೂಕ ಏರಿಸುವುದು ಹೇಗೆ?

ಒಂದು ನೋಟ್‌ಬುಕ್ ಬೇಕು. ವ್ಯಾಯಾಮ, ತೂಕ, ರೆಪ್ ಮೂರನ್ನೇ ಬರೆಯಿರಿ.

ಡಂಬೆಲ್ ಪ್ರೆಸ್‌ಗೆ 8ರಿಂದ 12 ಇಟ್ಟುಕೊಂಡಿದ್ದೀರಿ ಅನ್ನಿ. 20 ಕೆಜಿಯಲ್ಲಿ 10, 9, 8 ಬಂತು. ಮುಂದಿನ ವಾರ ಒಂದೊಂದು ರೆಪ್ ಸೇರಿಸಲು ನೋಡಿ. ಮೂರೂ ಸೆಟ್ 12 ಮುಟ್ಟಿದ ದಿನ 22.5 ಕೆಜಿಗೆ ಹೋಗಿ. ರೆಪ್ ಮತ್ತೆ ಎಂಟಕ್ಕೆ ಇಳಿಯುತ್ತದೆ, ಅದು ಸೋಲಲ್ಲ.

ಹಗುರದ ವ್ಯಾಯಾಮದಲ್ಲಿ ಒಂದು ತೊಡಕು ಇದೆ. ಲ್ಯಾಟರಲ್ ರೈಸ್‌ನಲ್ಲಿ 6 ಕೆಜಿಯಿಂದ 8 ಕೆಜಿಗೆ ಹೋದರೆ ಎರಡೇ ಕೆಜಿ ಅನ್ನಿಸುತ್ತದೆ. ಆದರೆ ಅದು ಮೂರನೇ ಒಂದು ಭಾಗದಷ್ಟು ಏರಿಕೆ! ಸ್ಕ್ವಾಟ್‌ನಲ್ಲಿ 90 ಕೆಜಿಯಿಂದ ಒಂದೇ ಸಲ 120ಕ್ಕೆ ಜಿಗಿದ ಹಾಗೆ. ಅದಕ್ಕೇ ಅಲ್ಲಿ 12ರಿಂದ 25ರಷ್ಟು ಅಗಲ ಇಟ್ಟುಕೊಳ್ಳಿ. 25 ದಾಟಿದ ಮೇಲೆ ಮುಂದಿನ ಡಂಬೆಲ್ ಎತ್ತಿ.

ಕೊಬ್ಬು ಇಳಿಸುವಾಗ ಭಾರ ಬಿಡಬೇಡಿ

"ಕಟಿಂಗ್ ಟೈಮಲ್ಲಿ ಹಗುರ ಹಾಕು" ಅನ್ನುವ ಸಲಹೆಯಿಂದ ಎಷ್ಟೋ ಜನ ಕಷ್ಟಪಟ್ಟು ಗಳಿಸಿದ ಮೈ ಕಳೆದುಕೊಂಡದ್ದನ್ನು ನೋಡಿ ನನಗೆ ಬೇಜಾರಾಗಿದೆ. ಕಟ್ಸ್ ಕಾಣುವುದು ಸ್ನಾಯುವಿನ ಮೇಲಿನ ಕೊಬ್ಬು ತೆಳುವಾದಾಗ. ಕೊಬ್ಬು ತೆಳುವಾಗುವುದು ಊಟದ ಲೆಕ್ಕದಿಂದ. ತೋಳಿನಲ್ಲಿ ನೂರು ರೆಪ್ ಮಾಡಿದರೆ ತೋಳಿನ ಕೊಬ್ಬು ಮಾತ್ರ ಕರಗುವುದಿಲ್ಲ. ಊಟ ಕಡಿಮೆ ಮಾಡಿದಾಗ ದೇಹ ಸ್ನಾಯುವನ್ನೂ ಕಳೆದುಕೊಳ್ಳಲು ನೋಡುತ್ತದೆ. "ಇದು ಇನ್ನೂ ಬೇಕು" ಅಂತ ತಿಳಿಸಲು ನಿಮಗಿರುವ ದಾರಿ ಮೊದಲಿನ ತೂಕವನ್ನೇ ಎತ್ತುತ್ತಿರುವುದು. ಸುಸ್ತಾದರೆ ಸೆಟ್ ಕಡಿಮೆ ಮಾಡಿ, ತೂಕ ಉಳಿಸಿಕೊಳ್ಳಿ. ಪ್ರೋಟೀನ್ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 1.6ರಿಂದ 2.2 ಗ್ರಾಂ ಇರಲಿ.

ರಕ್ತದೊತ್ತಡ, ವಿಶ್ರಾಂತಿ, ನೋವು

ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಹಗುರ ತೂಕ ಆದರೆ ಭಯವಿಲ್ಲ ಅನ್ನುವುದು ತಪ್ಪು. ಕೊನೆಯ ರೆಪ್‌ವರೆಗೆ ಒದ್ದಾಡಿದರೆ ಹಗುರದಲ್ಲೂ ಒತ್ತಡ ಜೋರಾಗಿ ಏರುತ್ತದೆ.

ಆರರಿಂದ ಎಂಟು ವಾರಕ್ಕೊಮ್ಮೆ ಒಂದು ವಾರ ಸೆಟ್‌ಗಳನ್ನು ಅರ್ಧ ಮಾಡಿ. ಮೈ ಹಗುರವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ.

ಉರಿಗೂ ನೋವಿಗೂ ವ್ಯತ್ಯಾಸ ತಿಳಿಯಿರಿ. ಹಗುರದ ಸೆಟ್‌ನಲ್ಲಿ ಸ್ನಾಯುವಿನ ನಡುಭಾಗ ಉರಿಯುವುದು ಸಹಜ, ತೂಕ ಕೆಳಗಿಟ್ಟ ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಕೀಲಿನ ಹತ್ತಿರ ಚುಚ್ಚಿದ ಹಾಗೆ ಆದರೆ ಆ ಸೆಟ್ ಅಲ್ಲೇ ನಿಲ್ಲಿಸಿ. ಮುಂದಿನ ಸಲ ತೂಕ ಇಳಿಸಿ, ರೆಪ್ ಏರಿಸಿ. ಆಗಲೂ ಚುಚ್ಚಿದರೆ ಆ ವ್ಯಾಯಾಮ ಬಿಟ್ಟು ಬೇರೆ ಹಿಡಿತ ಅಥವಾ ಬೇರೆ ಮೆಷಿನ್ ಹುಡುಕಿ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಗುಣವಾದ ಮೇಲೆ ಹಳೆಯ ತೂಕಕ್ಕೆ ಒಂದೇ ದಿನ ಹಾರಬೇಡಿ. ನಾನು ಬೆಂಚ್‌ಗೆ ಮರಳಿದಾಗ ಹಳೆಯ ತೂಕದ ಶೇ. 60ರಿಂದ ಶುರು ಮಾಡಿದೆ. ವಾರಕ್ಕೆ 2.5 ಕೆಜಿ ಮಾತ್ರ ಸೇರಿಸಿದೆ. ಭುಜ ಸ್ವಲ್ಪ ಗೊಣಗಿದ ವಾರ ಸೇರಿಸಲಿಲ್ಲ, ಹಿಂದಿನ ವಾರದ ತೂಕದಲ್ಲೇ ನಿಂತೆ. ಹಳೆಯ ಜಾಗಕ್ಕೆ ಬರಲು ಐದು ತಿಂಗಳು ಬೇಕಾಯಿತು. ಆ ಎಂಟು ತಿಂಗಳ ಹಗುರ ಡಂಬೆಲ್ ಸೆಟ್‌ಗಳನ್ನು ಮಾತ್ರ ಬಿಡಲಿಲ್ಲ. ಬೆಂಚ್ ಮುಗಿದ ಮೇಲೆ ಅವು ಇವತ್ತಿಗೂ ನನ್ನ ನೋಟ್‌ಬುಕ್‌ನಲ್ಲಿವೆ, 20 ರೆಪ್, 2 ಸೆಟ್.